ಅವ್ವನ ಕಡೆಯ ಅಡ್ಡಹೆಸರು

ನವೆಂಬರ್ 1, 2024, ಶುಕ್ರವಾರ, ಕ್ರಾಕೋವ್

ಇವತ್ತು ಇಡೀ ಪೋಲೆಂಡ್ ಸ್ಮಶಾನದಲ್ಲಿತ್ತು. ಸರ್ವಸಂತರ ದಿನ. ಅಂಗಡಿ ಬಂದ್, ಆಫೀಸು ಬಂದ್, ಟ್ರ್ಯಾಮ್‌ಗಳು ಮಾತ್ರ ತುಂಬಿ ತುಳುಕುತ್ತ ರಾಕೊವಿತ್ಸ್ಕಿ ಸ್ಮಶಾನದ ಕಡೆ. ಗೇಟಿನ ಹೊರಗೆ ಸೇವಂತಿಗೆಯ ಕುಂಡಗಳು, ಗಾಜಿನ ಬುಡ್ಡಿಯೊಳಗೆ ಮೇಣದ ದೀಪಗಳು. ಫೋನಿನಲ್ಲಿ ಧಾರವಾಡದ ಕಡೆಯಿಂದ ರಾಜ್ಯೋತ್ಸವದ ಶುಭಾಶಯ ಒಂದಾದ ಮೇಲೊಂದು. ಎಲ್ಲರಿಗೂ ‘ಜೈ ಭುವನೇಶ್ವರಿ’ ಅಂತ ಉತ್ತರ ಕಳಿಸುತ್ತ ಸಮಾಧಿಗಳ ನಡುವೆ ಅಡ್ಡಾಡಿದೆ.

ನನಗೆ ಇಲ್ಲಿ ಸತ್ತವರು ಯಾರೂ ಇಲ್ಲ. ಆಫೀಸಿನ ಗೆಳತಿ ಕರೆದಳು, ಹೋದೆ. ಅವಳೂ ಈ ಊರವಳಲ್ಲ, ಪಶ್ಚಿಮದ ಲೆಗ್ನಿತ್ಸಾ ಕಡೆಯವಳು. ಹೆಸರುಗಳನ್ನು ಓದುತ್ತ ಹೋಗುವುದೇ ನನಗೊಂದು ಚಟ. ಗಂಡನ ಹೆಸರು ‘ಸ್ಕಿ’ಯಲ್ಲಿ ಮುಗಿದರೆ ಹೆಂಡತಿಯದು ‘ಸ್ಕಾ’. ಹಳೆಯ ಕಲ್ಲುಗಳಲ್ಲಿ ಇನ್ನೊಂದು ಲೆಕ್ಕ: ಬೇರೆ ಬಗೆಯ ಹೆಸರಿಗೆ ‘ಒವಾ’ ಸೇರಿದರೆ ಆಕೆ ಹೆಂಡತಿ, ‘ಉವ್ನಾ’ ಸೇರಿದರೆ ಮದುವೆಯಾಗದ ಮಗಳು. ಒಂದು ಪ್ರತ್ಯಯದಲ್ಲಿ ಹೆಂಗಸಿನ ಜಾತಕವೇ ಬಯಲು. ಈಗಿನವರು ಇದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ, ಪುಣ್ಯ.

ಪಕ್ಕದ ಸೈನಿಕರ ಸ್ಮಶಾನದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರ ತಂದೆತಾಯಿಯ ಸಮಾಧಿ. ಅಲ್ಲಿ ಜನ ನೂಕುನುಗ್ಗಲು. ಚಿತ್ರಕಾರ ಯಾನ್ ಮಾತೆಯ್ಕೊ ಸಮಾಧಿಯ ಹತ್ತಿರ ನಿಂತಾಗ ಗೆಳತಿ ಹೇಳಿದಳು: ಪೋಲೆಂಡಿನ ಇತಿಹಾಸವನ್ನೆಲ್ಲ ಬಿಡಿಸಿದ ಈ ಮಹಾನುಭಾವನ ಹೆಸರು ಪೋಲಿಷ್ ಅಲ್ಲ, ಅಪ್ಪ ಚೆಕ್ ದೇಶದಿಂದ ಬಂದವ. ಆಮೇಲೆ ನಕ್ಕು, “ಇನ್ನೊಬ್ಬ ಮಾತೆಯ್ಕೊ ಇದ್ದ. ಕ್ರಿನಿತ್ಸಾದ ಬೀದಿಯಲ್ಲಿ ಕೂತು ಚಿತ್ರ ಮಾರುತ್ತಿದ್ದ. ತನ್ನನ್ನು ತಾನೇ ಮಾತೆಯ್ಕೊ ಅಂತ ಕರೆದುಕೊಳ್ಳುತ್ತಿದ್ದ. ಅವ ನಮ್ಮವ” ಅಂದಳು.

ನಮ್ಮವ ಅಂದರೆ? ಲೆಮ್ಕೊ ಅಂದಳು. ಮೂರು ವರ್ಷದಿಂದ ಪಕ್ಕದ ಕುರ್ಚಿಯಲ್ಲಿ ಕೂತವಳು ಲೆಮ್ಕೊ ಅನ್ನುವುದು ನನಗೆ ಇವತ್ತು ಗೊತ್ತಾಯಿತು.

ನವೆಂಬರ್ 3, ಭಾನುವಾರ

ಹೊರಗೆ ಜಿಟಿಜಿಟಿ. ಮನೆಯಲ್ಲೇ ಕೂತು ಪೋಲಿಷ್ ಅಡ್ಡಹೆಸರುಗಳ ಪುರಾಣ ಓದಿದೆ.

ಮೊದಲು ಹೆಸರಷ್ಟೇ ಇತ್ತು. ಯಾವ ಊರಿನ ಒಡೆಯ ಅನ್ನುವುದು ಅದಕ್ಕೆ ಸೇರಿಕೊಂಡಿತು. ‘ತಾರ್ನೂಫ್ ಊರಿನವ’ ಹೋಗಿ ‘ತಾರ್ನೋವ್ಸ್ಕಿ’ ಆದ. 15, 16ನೇ ಶತಮಾನದ ಹೊತ್ತಿಗೆ ಜಮೀನ್ದಾರರಲ್ಲಿ ಇದು ಗಟ್ಟಿಯಾಯಿತು. ‘ಸ್ಕಿ’ ಅಂದರೆ ದೊಡ್ಡ ಮನೆತನ ಅನ್ನುವ ಭಾವನೆ ಬಂತು. ಆಮೇಲೆ ಎಲ್ಲರೂ ಅದನ್ನೇ ಹಚ್ಚಿಕೊಂಡರು. ಕಂಬಾರ ‘ಕೊವಾಲ್’, ಅವನ ಕಡೆಯವ ‘ಕೊವಾಲ್ಸ್ಕಿ’. ನಮ್ಮಲ್ಲಿ ಕಂಬಾರರು ಕಂಬಾರರಾಗಿಯೇ ಉಳಿದು ಜ್ಞಾನಪೀಠ ಪಡೆದರು, ಬಾಲ ಬೇಕಾಗಲಿಲ್ಲ.

ರೈತರ ಹೆಸರುಗಳೇ ನನಗೆ ಹೆಚ್ಚು ಇಷ್ಟ. ‘ಪ್ಶಿಬಿವಾ’, ಅಂದರೆ ಬಂದ. ‘ಮುಶಾವ್’, ಅಂದರೆ ಮಾಡಲೇಬೇಕಾಯಿತು. ಏನು ಮಾಡಲೇಬೇಕಾಯಿತೋ ಪಾಪ, ಪೂರ್ವಜ ಹೇಳದೇ ಹೋದ. ‘ಸ್ಕೊಚಿಲಾಸ್’, ಕಾಡಿಗೆ ಹಾರಿದವ! ಈ ಹೆಸರಿನ ದೊಡ್ಡ ಮರಗೆತ್ತನೆಯ ಚಿತ್ರಕಾರನೇ ಇದ್ದ, ವ್ವಾದಿಸ್ವಾವ್ ಸ್ಕೊಚಿಲಾಸ್.

ಎಲ್ಲಕ್ಕಿಂತ ಹೆಚ್ಚು ಜನ ಇರುವ ಹೆಸರು ‘ನೊವಾಕ್’, ಹೊಸಬ. ಎರಡು ಲಕ್ಷದಷ್ಟು ಮಂದಿ. ಊರಿಗೊಬ್ಬ ಹೊಸಬ ಬಂದೇ ಬರುತ್ತಾನೆ, ಹಾಗಾಗಿ ನೊವಾಕರು ಒಂದೇ ಮನೆತನವಲ್ಲ, ಸಾವಿರಾರು ಊರುಗಳಲ್ಲಿ ಬೇರೆಬೇರೆಯಾಗಿ ಹುಟ್ಟಿದವರು. ಅಪರೂಪದ ಹೆಸರು ಇದಕ್ಕೆ ತಿರುಗುಮುರುಗು. ಒಂದೋ ಎರಡೋ ಕಣಿವೆಯಲ್ಲಿ ಹುಟ್ಟಿ ಅಲ್ಲೇ ಉಳಿದದ್ದು. ಕಾಜಿಮಿಯೆಜ್ ರಿಮುತ್ ಅನ್ನುವ ಭಾಷಾಶಾಸ್ತ್ರಜ್ಞರು ಈ ಊರಲ್ಲೇ ಕೂತು 1992ರಿಂದ 1994ರ ನಡುವೆ ಹತ್ತು ಸಂಪುಟಗಳಲ್ಲಿ ಇದನ್ನೆಲ್ಲ ಅಚ್ಚು ಮಾಡಿಸಿದರು: ದೇಶದ ಬಹುತೇಕ ಪ್ರತಿ ಅಡ್ಡಹೆಸರು, ಅದು ಎಷ್ಟು ಜನರದು, ಆಗಿನ 49 ಪ್ರಾಂತ್ಯಗಳಲ್ಲಿ ಎಲ್ಲೆಲ್ಲಿ ಎಷ್ಟು. ಓದುವ ಪುಸ್ತಕವಲ್ಲ. ಆದರೆ ಸಾಲುಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಆಗ್ನೇಯದ ಬೆಟ್ಟಗಳಲ್ಲಿ ಹುಟ್ಟಿದ ಎಷ್ಟೋ ಹೆಸರುಗಳು ಅಲ್ಲಿ ಬೆರಳೆಣಿಕೆ, ನೂರಾರು ಕಿಲೋಮೀಟರ್ ಆಚೆ ಜರ್ಮನಿಯ ಗಡಿಯ ಕಡೆ ಚೆಲ್ಲಾಪಿಲ್ಲಿ.

ಗೆಳತಿಯ ಹೆಸರೂ ಹಾಗೆಯೇ ಇರಬೇಕು. ನಾಳೆ ಕೇಳಬೇಕು.

ನವೆಂಬರ್ 5, ಮಂಗಳವಾರ

ಕೇಳಿದೆ. ಊಟದ ಬಿಡುವು ಅದರಲ್ಲೇ ಹೋಯಿತು, ಚಹಾ ಆರಿತು.

ಲೆಮ್ಕೊಗಳು ಕಾರ್ಪಾಥಿಯನ್ ಬೆಟ್ಟದ ಜನ. ಪೂರ್ವದ ಕಡೆಯ ಮಾತು, ಗ್ರೀಕ್ ಕ್ಯಾಥೊಲಿಕ್ ಅಥವಾ ಆರ್ಥೊಡಾಕ್ಸ್ ಚರ್ಚು. ಯುದ್ಧ ಮುಗಿಯುವ ಹೊತ್ತಿಗೆ ಗಡಿ ಹೊಸದಾಯಿತು. 1944ರಿಂದ 46ರ ನಡುವೆ ಉಕ್ರೇನಿಯನ್ನರೂ ಲೆಮ್ಕೊಗಳೂ ಸೇರಿ ಸುಮಾರು 4,80,000 ಮಂದಿಯನ್ನು ಸೋವಿಯತ್ ಉಕ್ರೇನಿಗೆ ಕಳಿಸಿದರು. ಉಳಿದವರ ಸರದಿ 1947ರ ಏಪ್ರಿಲ್ 28ಕ್ಕೆ ಬಂತು, ‘ವಿಸ್ತುಲಾ ಕಾರ್ಯಾಚರಣೆ’. ಸೈನ್ಯ ಬಂದು, ಕೆಲವೇ ಗಂಟೆಗಳಲ್ಲಿ ಗಂಟುಮೂಟೆ ಕಟ್ಟಿಸಿ, ರೈಲಿನ ಸರಕು ಡಬ್ಬಿಗಳಲ್ಲಿ ತುಂಬಿ, ಜರ್ಮನ್ನರು ಬಿಟ್ಟುಹೋದ ಪಶ್ಚಿಮ, ಉತ್ತರದ ಜಾಗಗಳಿಗೆ ಸಾಗಿಸಿತು. ಸುಮಾರು 1,40,000 ಜನ. ಬಂಡುಕೋರ ಪಡೆಗೆ ಆಸರೆ ತಪ್ಪಿಸಲು ಎಂಬುದು ಸರ್ಕಾರದ ಕಾರಣ. ಒಂದು ಹಳ್ಳಿಯವರನ್ನು ಒಂದೇ ಕಡೆ ಇರಗೊಡಲಿಲ್ಲ, ಇಲ್ಲೆರಡು ಮನೆ, ಅಲ್ಲೆರಡು ಮನೆ. ಬೆರೆತು ಕರಗಿ ಹೋಗಲಿ ಎಂದೇ ಹಾಗೆ ಮಾಡಿದ್ದು. 1990ರಲ್ಲಿ ಪೋಲೆಂಡಿನ ಸೆನೆಟ್ ಇದನ್ನು ಖಂಡಿಸಿತು.

ಗೆಳತಿಯ ಅಜ್ಜಿ ಇಳಿದದ್ದು ಲೆಗ್ನಿತ್ಸಾ ಹತ್ತಿರ. ಅಜ್ಜಿಯ ಹೆಸರು ಚರ್ಚಿನಲ್ಲಿ ಒಂದು ತರಹ, ಕಚೇರಿಯಲ್ಲಿ ಇನ್ನೊಂದು ತರಹ. ಕಾಗದ ತಿದ್ದಿಸಲು ಹೋಗಲಿಲ್ಲವೇ ಅಂದೆ. “ನಾವು ಇಂಥವರು ಅಂತ ಹೋಗಿ ಹೇಳಿಕೊಳ್ಳೋದೇ ಅಜ್ಜಿಗೆ ಹೆದರಿಕೆ, ತಿದ್ದಿಸೋದೆಲ್ಲಿ ಬಂತು” ಅಂದಳು.

ನವೆಂಬರ್ 9, ಶನಿವಾರ, ಕ್ರಿನಿತ್ಸಾ

ಬಸ್ಸಿನಲ್ಲಿ ಬಂದೆ. ಸೋಮವಾರ ಸ್ವಾತಂತ್ರ್ಯ ದಿನ, ಸಾಲು ರಜೆ. ಊರು ತುಂಬ ಖನಿಜ ನೀರಿನ ಬುಗ್ಗೆ, ಅದನ್ನು ಕುಡಿಯಲು ಬಂದ ವಯಸ್ಸಾದವರು. ‘ಜುಬೆರ್’ ಅನ್ನುವ ನೀರನ್ನು ಒಂದು ಗುಟುಕು ಕುಡಿದೆ. ಇನ್ನು ಜನ್ಮದಲ್ಲಿ ಕುಡಿಯುವುದಿಲ್ಲ.

‘ರೊಮಾನುಫ್ಕಾ’ ಎಂಬ ಮರದ ಬಂಗಲೆ ಈಗ ನಿಕಿಫೋರನ ವಸ್ತುಸಂಗ್ರಹಾಲಯ, 1995ರಿಂದ. ಗೆಳತಿ ಹೇಳಿದ ಆ ಇನ್ನೊಬ್ಬ ಮಾತೆಯ್ಕೊ ಇವನೇ. ಸಣ್ಣ ಸಣ್ಣ ಚಿತ್ರಗಳು, ಬಹಳಷ್ಟು ನೋಟ್‌ಬುಕ್ಕಿನ ಹಾಳೆ, ಸಿಗರೇಟಿನ ಡಬ್ಬಿಯ ರಟ್ಟು, ಹಳೇ ಕಾಗದದ ಬೆನ್ನಿನ ಮೇಲೆ. ಚರ್ಚುಗಳು, ರೈಲ್ವೆ ಸ್ಟೇಷನ್ನುಗಳು, ಬಿಷಪ್ಪರು. ಬಹಳ ಕಡೆ ಬಿಷಪ್ಪನೂ ಅವನೇ, ಸಾಹೇಬನೂ ಅವನೇ. ಚಿತ್ರದ ಕೆಳಗೆ ದೊಡ್ಡ ಅಕ್ಷರದ ಬರಹ. ಕಂಡ ಬೋರ್ಡಿನ ಅಕ್ಷರಗಳನ್ನು ಎತ್ತಿ ಜೋಡಿಸಿದ್ದು, ಅರ್ಧ ಅರ್ಥವಾಗುತ್ತದೆ, ಅರ್ಧ ಇಲ್ಲ. ಓದುಬರಹ ಬರದವನಿಗೆ ಅಕ್ಷರದ ಮೇಲೆ ಇಷ್ಟೊಂದು ವ್ಯಾಮೋಹ.

1895ರಲ್ಲಿ ಇಲ್ಲೇ ಹುಟ್ಟಿದ. ತಾಯಿ ಲೆಮ್ಕೊ ಹೆಂಗಸು, ಯೆವ್ದೋಕಿಯಾ ಡ್ರೊವ್ನ್ಯಾಕ್, ಮನೆಮನೆ ಚಾಕರಿ. ತಂದೆ ಯಾರೆಂದು ದಾಖಲೆಯಿಲ್ಲ. ಮಗುವಿಗೆ ಕಿವಿ ಸರಿಯಾಗಿ ಕೇಳದು, ನಾಲಿಗೆ ಅಂಟಿಕೊಂಡು ಮಾತು ಅಸ್ಪಷ್ಟ. ತಾಯಿ ಬೇಗ ತೀರಿಕೊಂಡಳು. ನಿನ್ನ ಹೆಸರೇನು ಎಂದು ಕೇಳಿದವರಿಗೆ ಅವನ ಉತ್ತರ ತಿಳಿಯುತ್ತಿರಲಿಲ್ಲ. ನಿಕಿಫೋರ್ ಅನ್ನುವುದು ಕರೆದು ಕರೆದು ಅಂಟಿದ್ದು. 1930ರಲ್ಲಿ ರೋಮನ್ ತುರಿನ್ ಎಂಬ ಉಕ್ರೇನಿಯನ್ ಕಲಾವಿದನ ಕಣ್ಣಿಗೆ ಬಿದ್ದ. 1947ರಲ್ಲಿ ಅವನನ್ನೂ ರೈಲು ಹತ್ತಿಸಿದರು. ಅವ ನಡೆದುಕೊಂಡೇ ಮರಳಿ ಬಂದ. ಮತ್ತೆ ಕಳಿಸಿದರು, ಮತ್ತೆ ಬಂದ. 1959ರಲ್ಲಿ ಪ್ಯಾರಿಸಿನಲ್ಲಿ ದಿನಾ ವಿಯೆರ್ನಿಯ ಗ್ಯಾಲರಿಯಲ್ಲಿ ಪ್ರದರ್ಶನ.

ಹೆಸರು ಬಂದ ಮೇಲೆ ಸರ್ಕಾರಕ್ಕೆ ಪೇಚು ಹತ್ತಿಕೊಂಡಿತು. ಇಷ್ಟು ದೊಡ್ಡ ಕಲಾವಿದನಿಗೆ ಗುರುತಿನ ಕಾಗದ ಇಲ್ಲ. 1960ರ ದಶಕದ ಆರಂಭದಲ್ಲಿ ಕಚೇರಿಯವರು ಅವನಿಗೊಂದು ಹೆಸರು ಮಾಡಿಕೊಟ್ಟರು: ನಿಕಿಫೋರ್ ಕ್ರಿನಿತ್ಸ್ಕಿ. ಕ್ರಿನಿತ್ಸಾದವ. ತಾರ್ನೂಫಿನ ಒಡೆಯ ತಾರ್ನೋವ್ಸ್ಕಿಯಾದ ಅದೇ ಅಚ್ಚು! ಅಂಗೈಯಗಲ ನೆಲವಿಲ್ಲದವನಿಗೆ ಊರೊಡೆಯನ ಹೆಸರು. ಬರೆದ ಗುಮಾಸ್ತನಿಗೆ ಇದು ಹೊಳೆದಿರಲಾರದು. ಊರಿನಿಂದ ಹೊರಹಾಕಿದ ಸರ್ಕಾರವೇ ಹದಿನೈದು ವರ್ಷದ ನಂತರ ನೀನು ಈ ಊರಿನವ ಎಂದು ಬರೆದುಕೊಟ್ಟಿತು. ನನಗೆ ಇದನ್ನು ನೋಡಿ ನಗು ಬರಲಿಲ್ಲ, ಸಿಟ್ಟು ಬಂತು.

ನವೆಂಬರ್ 10, ಭಾನುವಾರ, ಕ್ರಿನಿತ್ಸಾ

ರಾತ್ರಿ ‘ನನ್ನ ನಿಕಿಫೋರ್’ ಸಿನಿಮಾ ನೋಡಿದೆ. ಕ್ಶಿಶ್ತೋಫ್ ಕ್ರೌಜೆ, 2004. ನಿಕಿಫೋರನ ಪಾತ್ರ ಮಾಡಿದ್ದು ಎಂಬತ್ತು ದಾಟಿದ ನಟಿ, ಕ್ರಿಸ್ತಿನಾ ಫೆಲ್ದ್‌ಮನ್. ಮೊದಲೇ ಹೇಳದಿದ್ದರೆ ಹೆಂಗಸೆಂದು ಗೊತ್ತೇ ಆಗುವುದಿಲ್ಲ.

ಇನ್ನು ನಿಕಿಫೋರನ ಅವ್ವನ ಅಡ್ಡಹೆಸರು, ಡ್ರೊವ್ನ್ಯಾಕ್ ಬಗ್ಗೆ. ಬುಡದಲ್ಲಿರುವುದು ‘ಡ್ರೊವಾ’, ಸೌದೆ. ಪೋಲಿಷ್‌ನಲ್ಲಾದರೆ ಅದು ‘ದ್ರ್‌ವಾ’, ಸೌದೆ ಕಡಿಯುವವನ ಪೋಲಿಷ್ ಅಡ್ಡಹೆಸರು ‘ದ್ರ್‌ವಾಲ್’. ನಡುವಿನ ಆ ಒಂದು ‘ಒ’ಕಾರವೇ ಈ ಹೆಸರು ಬೆಟ್ಟದ ಪೂರ್ವದ ಮಾತಿನದು ಎಂದು ಹೇಳಿಬಿಡುತ್ತದೆ. ‘ಯಾಕ್’ ಅಂದರೆ ಅದರ ಕಡೆಯವ, ಅವನ ಮಗ. ಸೌದೆಯವರ ಮನೆ. ಪೋಲೆಂಡಿನಲ್ಲಿ ಪೋಲಿಷ್ ಲಿಪಿಯಲ್ಲಿ ಬರೆದರೂ ಇದು ಲೆಮ್ಕೊ ಹೆಸರು. ಗಡಿಯಾಚೆ ಉಕ್ರೇನಿಗೆ ಹೋದವರದು ಸಿರಿಲಿಕ್ ಲಿಪಿಗೆ ಬದಲಾಗುತ್ತಿತ್ತು. 1880ರ ದಶಕದಿಂದ ಪೆನ್ಸಿಲ್ವೇನಿಯಾದ ಗಣಿಗಳಿಗೆ ಹೋದ ಈ ಬೆಟ್ಟದವರ ಹೆಸರುಗಳಿಗೆ ಇಂಗ್ಲಿಷ್ ಕಾಗುಣಿತ. ದಕ್ಷಿಣದ ಇಳಿಜಾರಿನ ಅದೇ ಜನಾಂಗದ ‘ವಾರ್ಹೋಲಾ’ ಅಮೆರಿಕದಲ್ಲಿ ಬಾಲ ಕಳೆದುಕೊಂಡು ಆಂಡಿ ವಾರ್ಹೋಲ್ ಆಯಿತು. ಚಿಕ್ಕ ಕಣಿವೆಯ ಹೆಸರನ್ನು ಮೂರು ದೇಶ, ಮೂರು ಕಾಗುಣಿತಕ್ಕೆ ಹಂಚಿದರೆ ಎಲ್ಲ ಕಡೆಯೂ ಅಪರೂಪವೇ ಆಗುತ್ತದೆ. ಅದು ಅಪರೂಪವಾಗಿ ಹುಟ್ಟಲಿಲ್ಲ, ಅದನ್ನು ಅಪರೂಪ ಮಾಡಿದರು.

ಕ್ರಿನಿತ್ಸಾ ಆಗ ಸೇರಿದ್ದ ಗ್ಯಾಲಿಶಿಯಾ ಸೀಮೆಯ ಚರ್ಚಿನ ಜನನ ಪುಸ್ತಕಗಳು ಲ್ಯಾಟಿನ್‌ನಲ್ಲಿ, ಆಸ್ಟ್ರಿಯಾದ ಆಳ್ವಿಕೆ ಹಾಕಿಕೊಟ್ಟ ಕಂಬಸಾಲುಗಳಲ್ಲಿ. ಗಂಡೋ ಹೆಣ್ಣೋ, ಯಾವ ಧರ್ಮ, ಮತ್ತೆ ಮದುವೆಯೊಳಗೆ ಹುಟ್ಟಿದ್ದೋ ಹೊರಗೋ, ಅದಕ್ಕೊಂದು ಪ್ರತ್ಯೇಕ ಕಂಬಸಾಲು. ಮದುವೆಯ ಹೊರಗೆ ಹುಟ್ಟಿದವನಿಗೆ ಅವ್ವನ ಅಡ್ಡಹೆಸರು. ಒಂದು ಲೆಕ್ಕದಲ್ಲಿ, ನಿಕಿಫೋರನಿಗೆ ಖಂಡಿತವಾಗಿ ಇದ್ದ ಆಸ್ತಿ ಅದೊಂದೇ.

ಲೆಮ್ಕೊ ಸಂಘದವರು ಹಟ ಹಿಡಿದರು. 2003ರಲ್ಲಿ ಪಕ್ಕದೂರು ಮುಶಿನಾದ ನ್ಯಾಯಾಲಯ ಅವನ ನಿಜವಾದ ಹೆಸರು ಎಪಿಫಾನಿಯುಷ್ ಡ್ರೊವ್ನ್ಯಾಕ್ ಎಂದು ತೀರ್ಪು ಕೊಟ್ಟಿತು. 1968ರ ಅಕ್ಟೋಬರಿನಲ್ಲಿ ಫೊಲುಷ್‌ನಲ್ಲಿ ತೀರಿಕೊಂಡವನಿಗೆ 35 ವರ್ಷದ ಮೇಲೆ. ಸತ್ತವನಿಗೆ ಇದರಿಂದ ಏನು ಬಂತು ಎಂದು ಕೇಳಬಹುದು. ಕೇಳಿದವರು ನನ್ನ ಗೆಳತಿಯ ಅಜ್ಜಿಯನ್ನು ನೋಡಿಲ್ಲ.

ನವೆಂಬರ್ 14, ಗುರುವಾರ, ಕ್ರಾಕೋವ್

ಮೈಸೂರಿನ ಚಿಕ್ಕಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. “ನಮ್ಮಲ್ಲೂ ಒಬ್ಬರು ಪೋಲಿಷ್ ಹೆಂಗಸು ಇದ್ದರಲ್ಲೇ, ಉಮಾದೇವಿ” ಅಂದರು. ಹೌದು, ವಾಂದಾ ದಿನೋವ್ಸ್ಕಾ. 1888ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ, 1971ರಲ್ಲಿ ಮೈಸೂರಿನಲ್ಲಿ ತೀರಿಕೊಂಡವರು. ಗೀತೆಯನ್ನು ಪೋಲಿಷ್‌ಗೆ ತಂದವರು, ಟಿಬೆಟಿನ ನಿರಾಶ್ರಿತರಿಗಾಗಿ ದುಡಿದವರು. 1944ರಲ್ಲಿ ಮದರಾಸಿನಲ್ಲಿ ಅವರ ಜೊತೆ ಇಂಡೋ-ಪೋಲಿಷ್ ಗ್ರಂಥಮಾಲೆ ಕಟ್ಟಿದ ಮಾರಿಸ್ ಫ್ರಿಡ್‌ಮನ್ ನಮ್ಮ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಗೆ ಬಂದಿದ್ದ ಎಂಜಿನಿಯರ್.

ಉಮಾದೇವಿ ಎಂಬ ಹೆಸರು ಗಾಂಧಿ ಇಟ್ಟದ್ದು. ಆಕೆ ಸಂತೋಷದಿಂದ ತೆಗೆದುಕೊಂಡರು, ಪುಸ್ತಕಗಳ ಮೇಲೆ ದಿನೋವ್ಸ್ಕಾ ಕೂಡ ಉಳಿಸಿಕೊಂಡರು. ಎರಡು ಹೆಸರು ಇಟ್ಟುಕೊಳ್ಳಲು ಒಂದಾದರೂ ಗಟ್ಟಿಯಾಗಿ ಕೈಯಲ್ಲಿರಬೇಕು.

ನವೆಂಬರ್ 17, ಭಾನುವಾರ

ಗೆಳತಿಯ ಮನೆಯಲ್ಲಿ ಕೂತು ಸರ್ಕಾರದ ಅಡ್ಡಹೆಸರುಗಳ ಪಟ್ಟಿ ತೆರೆದೆವು. ಗಂಡಸರದು ಬೇರೆ, ಹೆಂಗಸರದು ಬೇರೆ. ಕ್ರಿನಿತ್ಸ್ಕಿ ಒಂದರಲ್ಲಿ, ಕ್ರಿನಿತ್ಸ್ಕಾ ಇನ್ನೊಂದರಲ್ಲಿ. ‘ಯಾಕ್’ನಲ್ಲಿ ಮುಗಿಯುವವು ಎರಡರಲ್ಲೂ ಒಂದೇ ರೂಪ. ಅವಳ ಹೆಸರು ಸಿಕ್ಕಲು ಬಹಳ ಕೆಳಗೆ ಹೋಗಬೇಕಾಯಿತು. ಸಿಕ್ಕಾಗ, “ಇದರಲ್ಲಿ ಅರ್ಧ ನಮ್ಮ ಚಿಕ್ಕಪ್ಪನ ಮಕ್ಕಳೇ” ಅಂದಳು.

ಈ ಪಟ್ಟಿ ಬದುಕಿರುವವರದು, ಪೆಸೆಲ್ ಎಂಬ ಸರ್ಕಾರಿ ಗುರುತಿನ ಸಂಖ್ಯೆ ಇರುವವರದು. ಆ ಸಂಖ್ಯೆ ಶುರುವಾಗುವ ಮೊದಲೇ ನಿಕಿಫೋರ್ ಹೋಗಿದ್ದ. ಅವನನ್ನು ಮಾತೆಯ್ಕೊ, ಕ್ರಿನಿತ್ಸ್ಕಿ, ಡ್ರೊವ್ನ್ಯಾಕ್, ಯಾವ ಹೆಸರಿನ ಲೆಕ್ಕಕ್ಕೂ ಸೇರಿಸುವ ಹಾಗಿಲ್ಲ.

ಜುಲೈನಲ್ಲಿ ಜ್ದಿನಿಯಾ ಹಳ್ಳಿಯಲ್ಲಿ ಲೆಮ್ಕೊಗಳ ‘ವಾತ್ರಾ’ ನಡೆಯುತ್ತದೆ. ಪಶ್ಚಿಮಕ್ಕೆ ಹೋದವರು, ಉಕ್ರೇನಿಗೆ ಹೋದವರು, ಅಮೆರಿಕದವರು ಎಲ್ಲ ಬಂದು ದೊಡ್ಡ ಬೆಂಕಿ ಹಾಕಿ ಹಾಡುತ್ತಾರಂತೆ. ಅಜ್ಜಿಯ ಊರಿನವರು ಯಾರಾದರೂ ಸಿಗುತ್ತಾರೆ ಬಾ ಅಂದಳು. ರಜೆಗೆ ಈಗಲೇ ಅರ್ಜಿ ಹಾಕಬೇಕು, ಜುಲೈನಲ್ಲಿ ನಮ್ಮ ಟೀಮಿನಲ್ಲಿ ಎಲ್ಲರಿಗೂ ರಜೆ ಬೇಕು.