ಕಾವಲಿನ ನಾಯಿ ತಿಂದದ್ದು

ಕುದಾಪುರದ ಸುತ್ತಿನ ಹಟ್ಟಿಗಳಲ್ಲಿ ನಾಯಿ ಹಿಂಭಾಗವನ್ನು ನೆಲಕ್ಕೆ ಒತ್ತಿ ಎಳೆದುಕೊಂಡು ಹೋದರೆ ಅದಕ್ಕೆ ಒಂದೇ ಕಾರಣ ಅಂತಿತ್ತು: ಹುಳ. "ಕುಂಡಿ ಉಜ್ತೈತೆ ಸಾ, ಹುಳ ಬಿದ್ದವೆ, ಒಂದು ಗುಳಿಗೆ ಕೊಡಿ" ಅನ್ನೋರು. ಪಶುಪಾಲನಾ ಇಲಾಖೆಯ ಪರೀಕ್ಷಕನಾಗಿ ನಾಯಕನಹಟ್ಟಿ, ನೇರಲಗುಂಟೆ, ದೊಡ್ಡಉಳ್ಳಾರ್ತಿ ಅಂತ ಸುತ್ತುತ್ತಿದ್ದ ಕಾಲದಲ್ಲಿ ನಾನು ನೋಡಿದ ಮಟ್ಟಿಗೆ ಅವರ ಮಾತು ಬಹುಪಾಲು ಸರಿ. ಈಗ ಅದೇ ಊರುಗಳ ಮಗ್ಗುಲಲ್ಲಿ ಅದೇ ರೀತಿ ಉಜ್ಜುವ ನಾಯಿಗೆ ಕಣ್ಣುಮುಚ್ಚಿಕೊಂಡು ಹುಳದ ಗುಳಿಗೆ ಕೊಟ್ಟರೆ ಬಹುಪಾಲು ಸಲ ಏನೂ ಆಗುವುದಿಲ್ಲ. ನಡುವೆ ಬದಲಾದದ್ದು ನಾಯಿಯ ಊಟ.

ಕಾವಲು ಅಂದರೆ ಇಲ್ಲಿ ಅಮೃತ ಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳಿಗೆ ಮೀಸಲಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂದು ಹೆಸರಾದ ಹುಲ್ಲುಗಾವಲು. ಮಳೆಯ ಲೆಕ್ಕದಲ್ಲಿ ಈ ಊರುಗಳಿರುವ ಚಳ್ಳಕೆರೆ ರಾಜ್ಯದ ಕಡುಬಡವ ತಾಲ್ಲೂಕುಗಳಲ್ಲಿ ಒಂದು. ಹೊಲ ಕೈಕೊಟ್ಟ ವರ್ಷವೂ ಕುರಿ ಕೈಬಿಡುತ್ತಿರಲಿಲ್ಲ, ಯಾಕೆಂದರೆ ಕಾವಲಿತ್ತು. ಕುರುಬರ ಮಂದೆ, ಮ್ಯಾಸನಾಯಕರ ದೇವರ ಎತ್ತುಗಳು, ಕಂಬಳಿಗೆ ಉಣ್ಣೆ, ಹೊಲಕ್ಕೆ ಗೊಬ್ಬರ, ಎಲ್ಲವೂ ಆ ಹುಲ್ಲಿನ ಮೇಲೆ ನಿಂತಿತ್ತು. ಕೃಷ್ಣಮೃಗ ಇದ್ದವು, ತೋಳ ಇದ್ದವು. ತೋಳ ಇದ್ದದ್ದರಿಂದ ನಾಯಿ ಇತ್ತು.

ಆ ನಾಯಿಗೆ ಜಾತಿ ಅಂತ ಇರಲಿಲ್ಲ. ಕಂದು ಅಥವಾ ಕಪ್ಪು ಮೈ, ಉದ್ದ ಕಾಲು, ಒಣಗಿದ ಹೊಟ್ಟೆ. ಹಗಲೆಲ್ಲ ಮಂದೆಯ ಜೊತೆ ನಡೆದು ರಾತ್ರಿ ರೊಪ್ಪದ ಸುತ್ತ ಮಲಗೋದು. ಅದಕ್ಕೆ ಸಿಗುತ್ತಿದ್ದದ್ದು ಉಳಿದ ರಾಗಿಮುದ್ದೆ, ಇಲ್ಲದಿದ್ದರೆ ಜೋಳದ ಅಂಬಲಿಗೆ ಒಂದಿಷ್ಟು ಮಜ್ಜಿಗೆ. ಹಬ್ಬಕ್ಕೋ ಹರಕೆಗೋ ಕುರಿ ಕಡಿದರೆ ಕರುಳು, ಮೂಳೆ. ಇಲಿ, ಓತಿ ಅದರ ಸ್ವಂತ ಸಂಪಾದನೆ. ಮೂಳೆ ತಿಂದ ಮಾರನೆಯ ದಿನ ರೊಪ್ಪದ ಅಂಚಿನಲ್ಲಿ ಸುಣ್ಣದ ಬಿಳುಪಿನ ಗಟ್ಟಿ ಹಿಕ್ಕೆ ಬಿದ್ದಿರೋದು. ಹೊಟ್ಟೆ ತುಂಬಿತ್ತೋ ಇಲ್ಲವೋ, ಮಲ ಮಾತ್ರ ಯಾವಾಗಲೂ ಗಟ್ಟಿ. ಈ ಗಟ್ಟಿ ಅನ್ನುವ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ಆಸ್ಪತ್ರೆಯ ರಿಜಿಸ್ಟರಿನಲ್ಲಿ ನಾಯಿ ಅಂತ ಬರೆಯುವ ಪ್ರಸಂಗವೇ ಕಡಿಮೆ. ನಮ್ಮ ಕೆಲಸ ಕುರಿಯದು: ಕರುಳುಬೇನೆಗೆ ಲಸಿಕೆ, ಸಿಡುಬಿಗೆ ಲಸಿಕೆ, ನೀಲಿನಾಲಿಗೆ ಬಂದ ಮಳೆಗಾಲದಲ್ಲಿ ಹಗಲು ರಾತ್ರಿ ಓಡಾಟ. ನಾಯಿ ಬರುತ್ತಿದ್ದದ್ದು ತೋಳ ಕಚ್ಚಿದಾಗ, ಇಲ್ಲವೇ ಗಾಯದಲ್ಲಿ ಹುಳು ಬಿದ್ದು ಸೀತಾಫಲದ ಸೊಪ್ಪು ಅರೆದು ತುಂಬಿದರೂ ಮಾಯದಾಗ. ಉಜ್ಜುವ ನಾಯಿಯನ್ನು ಯಾರೂ ತರುತ್ತಿರಲಿಲ್ಲ. ಕುರಿಗೆ ಅಂತ ಬಂದವರು ಹೋಗುವಾಗ ಬಾಗಿಲಲ್ಲಿ ನಿಂತು ನಾಯಿಗೂ ಒಂದು ಗುಳಿಗೆ ಕೇಳೋರು.

ಆ ಹುಳದ ಕತೆ ಸ್ವಲ್ಪ ಬಿಡಿಸಿ ಹೇಳಬೇಕು. ಮಂದೆಯಲ್ಲಿ ಒಂದು ಕುರಿ ಇದ್ದಕ್ಕಿದ್ದಂತೆ ಗುಂಪು ಬಿಟ್ಟು ಒಂದೇ ಕಡೆಗೆ ಸುತ್ತುಹಾಕಲು ಶುರು ಮಾಡುತ್ತದೆ. ತಲೆ ಓರೆ, ಒಂದು ಕಣ್ಣು ಕಾಣದು, ಬೇಲಿಗೆ ಹೋಗಿ ಗುದ್ದಿ ನಿಲ್ಲುತ್ತದೆ. ಕುರಿಗಾರರು ತಲೆತಿರುಗೋ ಬ್ಯಾನೆ ಅನ್ನುತ್ತಿದ್ದರು. ಮಿದುಳಿನಲ್ಲಿ ನೀರು ತುಂಬಿದ ಗುಳ್ಳೆ ಇರುತ್ತದೆ. ಅದು ಬೆಳೆದ ಕಡೆ ತಲೆಬುರುಡೆ ಬೆರಳಿಗೆ ಮೆತ್ತಗೆ ಸಿಗುವುದೂ ಉಂಟು. ಇನ್ನು ಉಳಿಯದು ಅಂತ ಗೊತ್ತಾದ ಕುರಿಯನ್ನು ಕಡಿದು, ಮಾಂಸ ಹಂಚಿಕೊಂಡು, ತಲೆಯನ್ನು ನಾಯಿಗೆ ಎಸೆಯೋರು. ಆ ಗುಳ್ಳೆಯ ಒಳಗೋಡೆಯಲ್ಲಿ ಅಂಟಿಕೊಂಡಿರುವ ಬಿಳಿ ಚುಕ್ಕಿ ಒಂದೊಂದೂ ಒಂದು ಲಾಡಿಹುಳುವಿನ ತಲೆ. ನಾಯಿಯ ಕರುಳಿನಲ್ಲಿ ಅವು ಹುಳುವಾಗಿ ಬೆಳೆದು, ಮೊಟ್ಟೆ ತುಂಬಿದ ತುಣುಕುಗಳಾಗಿ ಕಳಚಿ ಗುದದಲ್ಲಿ ಹೊರಬರುತ್ತವೆ. ತುಣುಕು ಅಲ್ಲಿ ಹರಿದಾಡಿದರೆ ನವೆ, ನವೆಯಾದರೆ ನಾಯಿ ಉಜ್ಜುತ್ತದೆ. ಉಜ್ಜಿದ ಹುಲ್ಲನ್ನು ಮತ್ತೆ ಕುರಿ ಮೇಯುತ್ತದೆ. ಹೀಗೆ ಮಂದೆಯ ರೋಗವನ್ನು ಮಂದೆಯ ಕಾವಲುಗಾರನೇ ಹಂಚುತ್ತಿತ್ತು. ಇದರ ಜೊತೆಗೇ ಇನ್ನೊಂದು ಜಾತಿಯದು, ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಸಣ್ಣ ಲಾಡಿಹುಳು, ಕುರಿಯ ಯಕೃತ್ತು ಶ್ವಾಸಕೋಶದ ಗುಳ್ಳೆಗಳಿಂದ ನಾಯಿಗೆ ಬಂದು, ನಾಯಿ ಮುಟ್ಟಿದ ಕೈ ತೊಳೆಯದೆ ಉಂಡ ಮನುಷ್ಯರಲ್ಲೂ ಅಂಥದೇ ಗುಳ್ಳೆ ಎಬ್ಬಿಸುತ್ತದೆ.

"ತಲೆ ಎಸೀಬ್ಯಾಡ್ರಪ್ಪ, ಸುಡ್ರಿ, ಇಲ್ಲಾ ಆಳಕ್ಕೆ ಹೂಳ್ರಿ" ಅಂತ ಹೇಳುವುದೇ ನಮ್ಮ ದೊಡ್ಡ ಚಿಕಿತ್ಸೆ. ಪ್ರಾಜಿಕ್ವಾಂಟೆಲ್ ಗುಳಿಗೆ ಕೈಗೆ ಸಿಗುವಂತಾದ ಮೇಲೆ ಮುದ್ದೆಯ ತುತ್ತಿನಲ್ಲಿಟ್ಟು ನುಂಗಿಸುವುದು ಸುಲಭವಾಯಿತು. ಕೇಳಿದವರ ಹಟ್ಟಿಯಲ್ಲಿ ಸುತ್ತುವ ಕುರಿ ಕಡಿಮೆಯಾದದ್ದನ್ನು ಕಂಡಿದ್ದೇನೆ. ಹಳೆಯ ಕಾಲದ ನಾಯಿ ಮುದ್ದೆ ತಿಂದು ಗಟ್ಟಿಮುಟ್ಟಾಗಿತ್ತು ಅನ್ನುವವರಿಗೆ ಇಷ್ಟು ನೆನಪಿರಲಿ: ಅದರ ಗುದಗ್ರಂಥಿ (ಅದರ ಮಾತು ಮುಂದೆ ಬರುತ್ತದೆ) ಚೆನ್ನಾಗಿತ್ತು ನಿಜ, ಕರುಳು ತುಂಬ ಹುಳವಿತ್ತು, ಆಯಸ್ಸೂ ಕಡಿಮೆ.

ಆಮೇಲೆ ಗೋಡೆ ಬಂತು. ಕಾವಲಿನ ಜಮೀನು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು: ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ, ವರವು ಕಾವಲಿನ ಕಡೆ ಡಿಆರ್‌ಡಿಒಗೆ 4290 ಎಕರೆ, ಉಳ್ಳಾರ್ತಿ ಕಡೆ ಇಸ್ರೊಗೆ, ಭಾಭಾ ಅಣುಸಂಶೋಧನಾ ಕೇಂದ್ರಕ್ಕೆ. ಊರವರು ತಡೆದರು, ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಡಿಆರ್‌ಡಿಒ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ಉಡಾವಣಾ ವಾಹನ ಆ ವಲಯದ ಓಡುಹಾದಿಯಲ್ಲಿ ತಾನಾಗಿಯೇ ಬಂದಿಳಿಯಿತು. ಕುರಿಯ ಹಾದಿ ಮುಚ್ಚಿತು. ಮೇವು ಸಿಗದವರು ಮಂದೆ ಇಳಿಸಿದರು, ಕೆಲವರು ಮಾರಿ ಕಾವಲುಗಾರರಾಗಿ ಗೇಟಿನಲ್ಲಿ ನಿಂತರು. ಯಾರಿಗೆ ಲಾಭ ಯಾರಿಗೆ ನಷ್ಟ ಅನ್ನುವುದು ಬೇರೆಯೇ ಲೇಖನದ ಮಾತು. ನಾನು ಕಂಡದ್ದು ನಾಯಿಯ ಕಡೆಯಿಂದ.

ಊರಿನ ಒಳಗೂ ಆ ಹೊತ್ತಿಗೆ ನಾಯಿ ಬದಲಾಗಿತ್ತು. ಚಳ್ಳಕೆರೆಯ ಎಣ್ಣೆಮಿಲ್ಲಿನ ಸಾಹುಕಾರರ ಮನೆಗಳಲ್ಲಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಗಳ ಮನೆಗಳಲ್ಲಿ ಮೊದಲು ಬಂದದ್ದು ಬಿಳಿ ಪಾಮೇರಿಯನ್. 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ಮೇಲೆ 'ಹಚ್ ನಾಯಿ' ಬಂತು; ಪಗ್ ಅಂತ ಅದಕ್ಕೆ ಹೆಸರಿದೆ ಎಂದು ಇವತ್ತಿಗೂ ಅರ್ಧ ಊರಿಗೆ ಗೊತ್ತಿಲ್ಲ. '777 ಚಾರ್ಲಿ' 2022ರಲ್ಲಿ ತೆರೆಗೆ ಬಂದ ಮೇಲೆ ಲ್ಯಾಬ್ರಡಾರ್ ಬೇಕು ಎಂದು ಮಕ್ಕಳು ಹಟ ಹಿಡಿದ ಮನೆಗಳನ್ನು ನೋಡಿದ್ದೇನೆ. ಈ ನಾಯಿಗಳಿಗೆ ಬೆಳಿಗ್ಗೆ ಹಾಲು ಬ್ರೆಡ್ಡು, ಮಧ್ಯಾಹ್ನ ಮೊಸರನ್ನ, ಸಂಜೆ ಕಾಫಿ ಹೊತ್ತಿಗೆ ಗ್ಲೂಕೋಸ್ ಬಿಸ್ಕತ್ತು, ರಾತ್ರಿ ಕೋಳಿ ಅನ್ನ. ಓಡಲಿಕ್ಕೆ ಎರಡು ಕಾರು ನಿಲ್ಲುವಷ್ಟು ಅಂಗಳ.

ನಿವೃತ್ತಿಯಾದ ಮೇಲೂ ಕರೆದರೆ ಹೋಗುತ್ತೇನೆ. ಚಳ್ಳಕೆರೆಯಲ್ಲಿ ಒಂದು ಮನೆಯ ಲ್ಯಾಬ್ರಡಾರ್ ಉಜ್ಜಿ ಉಜ್ಜಿ ವೆರಾಂಡದ ಟೈಲ್ಸ್ ಮೇಲೆ ಕಂದು ಗೀರು ಬಿಡುತ್ತಿತ್ತು. ತಿಂಗಳಿಗೊಮ್ಮೆ ಹುಳದ ಗುಳಿಗೆ ಹಾಕಿಸಿದ್ದರು, ಉಜ್ಜುವುದು ನಿಂತಿರಲಿಲ್ಲ. ಮನೆಯವರಿಗೆ ನಿಜವಾಗಿ ತಡೆಯಲಾಗದೆ ಹೋದದ್ದು ವಾಸನೆ: ಕೊಳೆತ ಮೀನಿನದು, ಸೋಫಾಕ್ಕೆ ಹತ್ತಿದರೆ ಎರಡು ದಿನ ಬಿಡದು. ಬಾಲ ಎತ್ತಿಸಿದೆ. ಗುದವನ್ನು ಗಡಿಯಾರವೆಂದುಕೊಂಡರೆ ನಾಲ್ಕು ಗಂಟೆಯ ಮತ್ತು ಎಂಟು ಗಂಟೆಯ ಜಾಗದಲ್ಲಿ, ಚರ್ಮದ ಕೆಳಗೆ, ಎರಡು ಚೀಲಗಳಿರುತ್ತವೆ. ಅವೇ ಗುದಗ್ರಂಥಿಗಳು. ನಾಯಿಗಳು ಒಂದರ ಹಿಂಭಾಗ ಇನ್ನೊಂದು ಮೂಸಿ ಗುರುತು ಹಿಡಿಯುವುದರಲ್ಲಿ ಇವುಗಳ ರಸಕ್ಕೂ ಪಾಲಿದೆ. ಗಟ್ಟಿ ಮಲ ಹೊರಬರುವಾಗ ಚೀಲದ ಮೇಲೆ ಒತ್ತಡ ಬಿದ್ದು ರಸ ತಾನಾಗಿ ಹೊರಗೆ ಹೋಗುತ್ತದೆ. ಮಲ ಮೆತ್ತಗಾದರೆ ಒತ್ತಡ ಸಾಲದು. ರಸ ಒಳಗೇ ಉಳಿದು ಗಟ್ಟಿಯಾಗುತ್ತದೆ, ಸೋಂಕು ತಗಲುತ್ತದೆ, ಕೀವಾಗುತ್ತದೆ, ಕೊನೆಗೆ ಪಕ್ಕದ ಚರ್ಮ ಒಡೆದು ಹೊರಗೆ ಬರುತ್ತದೆ. ಹಾಗೆ ಒಡೆದ ಗಾಯಕ್ಕೆ ಬರೆ ಎಳೆದು ತಂದದ್ದನ್ನೂ ನೋಡಿದ್ದೇನೆ; ಅದೊಂದು ಮಾತ್ರ ಯಾರೂ ಮಾಡಬೇಡಿ.

ಕೈಗವಸು, ವ್ಯಾಸಲೀನ್. ತೋರುಬೆರಳು ಒಳಗೆ, ಹೆಬ್ಬೆರಳು ಹೊರಗೆ, ನಡುವೆ ಚೀಲ. ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ. ಎಡಗಡೆಯದು ತೆಳ್ಳಗೆ, ಹಳದಿ ಮಿಶ್ರಿತ ಕಂದಾಗಿ ಬಂತು, ಅದು ಆರೋಗ್ಯದ ಬಣ್ಣ. ಬಲಗಡೆಯದು ಬೂದು, ದಪ್ಪ, ದಾರ ದಾರವಾಗಿ ಬಂತು. ನಾಯಿ ಒಂದು ಸಲ ಗುರ್ ಅಂದು ಆಮೇಲೆ ಸುಮ್ಮನಾಯಿತು. ಮನೆಯೊಡತಿ ಅಗರಬತ್ತಿ ಹಚ್ಚಲು ಒಳಗೆ ಓಡಿದರು. ತಿಂಗಳು ತಿಂಗಳು ಬಂದು ಹೀಗೇ ಒತ್ತಿಕೊಡುತ್ತೀರಾ ಎಂದು ಯಜಮಾನರು ಕೇಳಿದರು. ಇಲ್ಲ ಅಂದೆ. ಬೇಕಿಲ್ಲದೆ ಪದೇ ಪದೇ ಒತ್ತಿದರೆ ಚೀಲಕ್ಕೆ ಪೆಟ್ಟಾಗಿ ಊತ ಬರುತ್ತದೆ. ಅಂಗಡಿಗಳಲ್ಲಿ ಸ್ನಾನ ಮಾಡಿಸುವಾಗ ಪ್ಯಾಕೇಜಿನ ಭಾಗವಾಗಿ ಎಲ್ಲ ನಾಯಿಗೂ ಒತ್ತುವ ಹೊಸ ಪದ್ಧತಿ ನನಗೆ ಹಿಡಿಸುವುದಿಲ್ಲ.

ಮದ್ದು ಅಡುಗೆಮನೆಯಲ್ಲಿತ್ತು. ಹಾಲು, ಬ್ರೆಡ್ಡು, ಬಿಸ್ಕತ್ತು ನಿಲ್ಲಿಸಿದೆವು. ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಊಟಕ್ಕೆ ಬೇಯಿಸಿ ಹಿಸುಕಿದ ಸಿಹಿಗುಂಬಳ, ಮೊದಲು ಒಂದು ಚಮಚ, ಹೊಂದಿಕೊಂಡ ಮೇಲೆ ಎರಡು ಮೂರು. ಮಾಂಸದ ಜೊತೆ ಅನ್ನದ ಬದಲು ಸ್ವಲ್ಪ ರಾಗಿ. ಕೆಲವಕ್ಕೆ ನೀರಲ್ಲಿ ನೆನೆಸಿದ ಇಸಬ್ಗೋಲ್ ಹೊಂದುತ್ತದೆ, ಆದರೆ ನೀರು ಸಾಕಷ್ಟು ಕುಡಿಯಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಮುದ್ದೆ ಅಂದ ಕೂಡಲೇ ನಮ್ಮವರು ಮೇಲೆ ಸಾರು ಸುರಿಯುತ್ತಾರೆ; ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ವಿಷ, ಸಾರು ಬೇಡವೇ ಬೇಡ. ಬೇಯಿಸಿದ ಮೂಳೆಯೂ ಬೇಡ, ಸೀಳಿ ಕರುಳಿಗೆ ಚುಚ್ಚುತ್ತದೆ. ಬೆಳಿಗ್ಗೆ ಸಂಜೆ ನಡಿಗೆ, ಯಾಕೆಂದರೆ ಬೊಜ್ಜಿನ ನಾಯಿಯಲ್ಲಿ ಚೀಲ ಖಾಲಿಯಾಗುವುದೇ ಕಷ್ಟ. ನಾಯಿಯ ತೂಕ ಇಳಿಯಿತು, ಮಲ ಗಟ್ಟಿಯಾಯಿತು, ಗೀರು ನಿಂತಿತು.

ಎಲ್ಲಕ್ಕೂ ಊಟವೇ ಕಾರಣ ಅಂತಲ್ಲ. ಚರ್ಮದ ಅಲರ್ಜಿ ಇರುವ ನಾಯಿಗೆ ಕಿವಿ, ಪಾದದ ಜೊತೆ ಇಲ್ಲೂ ಉರಿಯೂತ ಬರುತ್ತದೆ. ಅದಕ್ಕೆ ಎಷ್ಟು ಕುಂಬಳ ತಿನ್ನಿಸಿದರೂ ಅಷ್ಟೆ, ಮೂಲ ಹುಡುಕಬೇಕು. ಕೆಂಪಗೆ ಬಿಸಿಯಾಗಿ ಊದಿದ್ದರೆ, ರಕ್ತ ಕಂಡರೆ, ಕೂರಲು ಒದ್ದಾಡಿದರೆ ಅದು ಪಶುವೈದ್ಯರ ಕೆಲಸ: ತೊಳೆಯಬೇಕು, ಆಂಟಿಬಯೋಟಿಕ್ ಬೇಕಾಗಬಹುದು. ವಯಸ್ಸಾದ ನಾಯಿಗೆ ಒಂದೇ ಕಡೆ ಗಟ್ಟಿ ಗಂಟು ಕೈಗೆ ಸಿಕ್ಕು, ನೀರು ಕುಡಿಯುವುದೂ ವಿಪರೀತವಾದರೆ ತಡಮಾಡಬಾರದು, ಕ್ಯಾನ್ಸರ್ ಇರಬಹುದು. ಮತ್ತೆ ಮತ್ತೆ ಕಾಡಿದರೆ ಚೀಲವನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ, ಆದರೆ ಅದರಲ್ಲಿ ಮಲ ಹಿಡಿದಿಡುವ ನರಕ್ಕೆ ಪೆಟ್ಟಾಗುವ ಅಪಾಯವಿರುವುದರಿಂದ ಕೊನೆಯ ದಾರಿ.

ಈಚೆಗೆ ಹಟ್ಟಿಯ ನಾಯಿಗಳೇ ನನ್ನ ಲೆಕ್ಕ ತಪ್ಪಿಸುತ್ತಿವೆ. ಕೆಲವಕ್ಕೆ ಮಂದೆಯಿಲ್ಲ. ಗೋಡೆಯಾಚೆಯ ಕ್ಯಾಂಟೀನಿನಿಂದ, ಹೆದ್ದಾರಿಯ ಡಾಬಾಗಳಿಂದ ಬಿದ್ದ ಅನ್ನ, ಎಣ್ಣೆ ಒಸರುವ ಕೋಳಿ ತಿಂದು ಮೈ ಬಂದಿವೆ. ಇನ್ನೂ ಕುರಿ ಉಳಿಸಿಕೊಂಡವರ ಮನೆಯಲ್ಲಿ ಕಡಿದ ಕುರಿಯ ತಲೆಯೂ ನಾಯಿಗೇ ಬೀಳುತ್ತದೆ. ಹಾಗಾಗಿ ಒಂದೇ ನಾಯಿಯಲ್ಲಿ ಹುಳ, ಗುದಗ್ರಂಥಿಯ ತೊಂದರೆ ಎರಡೂ ಇರಬಹುದು. ಗುಳಿಗೆ ಕೇಳಿಕೊಂಡು ಬಂದವರಿಗೆ ಈಗ ನಾಯಿಯನ್ನೇ ಕರ್ಕೊಂಬಾ ಅನ್ನುತ್ತೇನೆ. ಬಾಲದ ಬುಡದ ಕೂದಲಲ್ಲಿ ಅಕ್ಕಿಕಾಳಿನಷ್ಟು ಒಣಗಿದ ಬಿಳಿ ತುಣುಕು ಅಂಟಿದ್ದರೆ ಹುಳ, ತೂಕ ನೋಡಿ ಗುಳಿಗೆ. ಅದಿಲ್ಲದೆ ವಾಸನೆ ಹೊಡೆದರೆ ಕೈಗವಸು. ಎರಡೂ ಇದ್ದರೆ ಎರಡೂ. ಹೋಗುವ ಮುಂಚೆ ನಿನ್ನೆ ರಾತ್ರಿ ನಾಯಿಗೆ ಏನು ಹಾಕಿದೆ ಅಂತ ಕೇಳುತ್ತೇನೆ. "ನಾವೇನೂ ಹಾಕಾಕಿಲ್ಲ ಸಾ, ಅದೇ ತಿಂದ್ಕಂಬತ್ತೈತೆ" ಅನ್ನುತ್ತಾರೆ.