ಗಾಜಿನ ಪಟವೂ ರೈಲು ನಿಲ್ದಾಣವೂ

ನಮ್ಮ ತಾಯಿಯವರ ದೇವರ ಮನೆಯಲ್ಲಿ ಗಾಜಿನ ಮೇಲೆ ಬರೆದ ಬಾಲಕೃಷ್ಣನ ಪಟವೊಂದಿದ್ದಿತು. ಹಿಂದೆ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಇಂತಹ ಪಟಗಳು ಇರುತ್ತಿದ್ದುವು. ಇವುಗಳನ್ನು ಬರೆಯುವ ಕ್ರಮವೇ ಬೇರೆ. ಚಿತ್ರಗಾರನು ಗಾಜಿನ ಹಿಂಬದಿಯಲ್ಲಿ ಬರೆಯುವನು. ನಾವು ಮುಂಬದಿಯಿಂದ ನೋಡುವೆವು. ಆದಕಾರಣ ಕಾಗದದ ಮೇಲೆ ಕಟ್ಟಕಡೆಗೆ ಬರೆಯತಕ್ಕ ಕಣ್ಣು, ಹುಬ್ಬು, ಮುತ್ತಿನ ಸರಗಳನ್ನು ಇಲ್ಲಿ ಮೊಟ್ಟಮೊದಲು ಬರೆಯಬೇಕು. ಆಮೇಲೆ ಮೈಬಣ್ಣ, ಉಡುಗೆ. ಎಲ್ಲಕ್ಕೂ ಕಡೆಗೆ ಹಿನ್ನೆಲೆ. ಕಣ್ಣನ್ನು ಮರೆತು ಬಣ್ಣ ಬಳಿದುಬಿಟ್ಟರೆ, ಬಳಿಕ ಎಷ್ಟು ಅಂದವಾಗಿ ಬರೆದರೂ ಅದು ಮುಂದಕ್ಕೆ ಕಾಣಿಸದು.

ಕಳೆದ ತಿಂಗಳು ಆ ಪಟವು ನಮಗೆ ನೆನಪಾದುದು ಮೆಟ್ರೋ ನಿಲ್ದಾಣವೊಂದರಲ್ಲಿ. ನಮ್ಮ ಅಕ್ಕನವರಿಗೆ 80 ದಾಟಿದೆ. 50 ವರ್ಷ ಜಯನಗರದ ಕಡೆ ಸಂಸಾರ ಮಾಡಿದವರು. ಈಗ ಮಗನೊಡನೆ ಪರಸ್ಥಳದಲ್ಲಿದ್ದಾರೆ. ಹಳೆಯ ಬೀದಿಯನ್ನು ಇನ್ನೊಮ್ಮೆ ನೋಡಬೇಕೆಂದು ಬಂದವರನ್ನು ರೈಲಿನಲ್ಲಿ ಕರೆದೊಯ್ದೆವು. ಇಳಿದವರು ಸುತ್ತಲೂ ನೋಡಿ, “ಏನೋ, ಇದು ನಮ್ಮ ಊರೇನೋ?” ಎಂದರು. ನಾವು ಹಲಗೆಯನ್ನು ತೋರಿಸಿದೆವು. “ಹೆಸರೇನೋ ಇದೆಯಪ್ಪ. ಗುರುತೆಲ್ಲಿ?” ಎಂದರು. ನಮಗೆ ಉತ್ತರ ಹೊಳೆಯಲಿಲ್ಲ.

2017ರ ಜೂನ್ ತಿಂಗಳಲ್ಲಿ ಈ ರೈಲು ಯಲಚೇನಹಳ್ಳಿಯವರೆಗೆ ಬಂದಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಇನ್ನೊಂದು ಮಾರ್ಗವು ತೆರೆಯಿತು. ಇದರ ಉಪಕಾರವನ್ನು ಮರೆಯುವ ಕೃತಘ್ನರು ನಾವಲ್ಲ. ನಿಲ್ದಾಣದಲ್ಲಿ ಕಲೆಗೆ ಎಡೆಯುಂಟೆಂಬುದನ್ನೂ ನಮ್ಮ ಊರಿನವರೇ ತೋರಿಸಿದ್ದಾರೆ. ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಮೆಟ್ರೋ ನಿಗಮದವರೊಡನೆ ಕೂಡಿ ಮೊದಲು ಪೀಣ್ಯದಲ್ಲಿ, ಬಳಿಕ ಕಬ್ಬನ್ ಪಾರ್ಕಿನ ನೆಲದಡಿಯ ನಿಲ್ದಾಣದಲ್ಲಿ ಚಿತ್ರಗಳನ್ನು ಬರೆದರು. ಮರುದಿನ ಅಕ್ಕನವರನ್ನು ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಾಯಿಸಿ ಅಲ್ಲಿಗೆ ಕರೆದೊಯ್ದೆವು. ಮಂಡಿನೋವನ್ನು ಮರೆತು ಗೋಡೆಯಿಂದ ಗೋಡೆಗೆ ನಡೆದರು.

ನಮ್ಮ ದಕ್ಷಿಣ ಭಾಗದಲ್ಲಿಯೂ ಇಂತಹ ಕೆಲಸವು ಬೆಳೆಯಲಿ. ಅದು ಗಾಜಿನಲ್ಲಿಯೇ ಆಗಲಿ ಎಂಬುದು ನಮ್ಮ ಆಸೆ. ಜಯನಗರ, ಬನಶಂಕರಿ, ರಾಗಿಗುಡ್ಡದ ನಿಲ್ದಾಣಗಳು ಎತ್ತರದಲ್ಲಿವೆ, ಬಿಸಿಲಿಗೆ ಕೊರತೆಯಿಲ್ಲ. ಗಾಜು ನಮಗೆ ಹೊಸದೂ ಅಲ್ಲ: ಲಾಲ್‌ಬಾಗಿನ ಗಾಜಿನ ಮನೆಗೆ ಅಸ್ತಿಭಾರ ಬಿದ್ದುದು 1889ರಲ್ಲಿ. ಬನಶಂಕರಿಯಲ್ಲಿ ನಿಂಬೆಯ ಹೋಳಿನಲ್ಲಿ ದೀಪ ಹಚ್ಚುವ ಹೆಂಗಸರನ್ನು ಬರೆಯಲಿ. ರಾಗಿಯ ರಾಶಿಯೇ ಕಲ್ಲಾಯಿತೆಂಬ ಐತಿಹ್ಯವನ್ನು ರಾಗಿಗುಡ್ಡದಲ್ಲಿ ಬರೆಯಲಿ. 1948ರಲ್ಲಿ ರಾಜಾಜಿಯವರು ಶಂಕುಸ್ಥಾಪನೆ ಮಾಡಿದ ಜಯನಗರದಲ್ಲಿ, ಆಮೇಲೆ ಬಂದು ಮನೆ ಕಟ್ಟಿ, ಗಿಡ ನೆಟ್ಟು, ನೀರೆರೆದವರ ಚಿತ್ರವಿರಲಿ. ಬೆಳಕು ತುಸು ಓರೆಯಾದಾಗ ನೋಡುವವನ ಮುಖವೂ ಆ ಗಾಜಿನಲ್ಲಿ ಮೂಡುವುದು. ನಿನ್ನೆ ಮೊನ್ನೆ ಬಂದವನೂ ಊರಿನವರ ನಡುವೆ ನಿಂತಂತಾಗುವುದು.

ಆದರೆ ಕಂಬ, ಗೋಡೆ, ಛಾವಣಿಗಳೆಂಬ ಹಿನ್ನೆಲೆಯನ್ನು ನಾವು ಆಗಲೇ ಬಳಿದಾಗಿದೆ. ಕಣ್ಣನ್ನು ಬರೆಯಬೇಕಾದರೆ ಹೊಸ ಗಾಜನ್ನೇ ತರಬೇಕು. ಬರೆಯುವ ಮೊದಲು ಕಂಡವರನ್ನು ಕೇಳಬೇಕು. ಹಿಂದಿರುಗುವಾಗ ಅಕ್ಕನವರು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು: ಹಿತ್ತಲಿನಾಚೆ ಹೊಲವಿದ್ದುದು, ಹಾಲಿನವನು ಎಮ್ಮೆಯನ್ನು ಬಾಗಿಲಿಗೇ ತಂದು ಕರೆದುದು, ಸಂಜೆ ಹೂವಾಡಗಿತ್ತಿಯು ಕೂಗುತ್ತಿದ್ದ ರಾಗ. ಅಷ್ಟನ್ನೂ ಬಲ್ಲವರು ಅವರ ಬೀದಿಯಲ್ಲಿ ಈಗ ಇನ್ನಿಬ್ಬರು ಮಾತ್ರ ಉಳಿದಿದ್ದಾರಂತೆ.

ತಾಯಿಯವರ ಪಟವು ಮನೆ ಬದಲಾಯಿಸುವಾಗ ಒಡೆದುಹೋಯಿತು. ಕೃಷ್ಣನ ಮುಖವಿದ್ದ ಚೂರನ್ನು ಅಕ್ಕನವರು ಇಂದಿಗೂ ಅರಿವೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಾರೆ.