ಕಾಲುವೆ ಬತ್ತಿದಾಗ ಬಿಚ್ಚುವ ಗಾಡಿ

ಮೇ ತಿಂಗಳ ಬೆಳಗ್ಗೆ ಎಂಟಕ್ಕೇ ಸಿರುಗುಪ್ಪದ ಹತ್ತಿರದ ದೇಶನೂರಿನಲ್ಲಿ ನೆತ್ತಿ ಸುಡುತ್ತದೆ. ಎರಡನೇ ಬೆಳೆಯ ಕೊಯ್ಲು ಮುಗಿದು ಗದ್ದೆಯಲ್ಲಿ ಬರೀ ಕೂಳೆ. ಕೆಲವರು ಅದಕ್ಕೂ ಬೆಂಕಿ ಹಚ್ಚಿದ್ದಾರೆ, ಹೊಗೆಯ ವಾಸನೆ ಊರೊಳಗೆ ಬಂದು ಕೂತಿದೆ. ತುಂಗಭದ್ರೆಯಿಂದ ನೀರು ತರುವ ವಿಜಯನಗರ ಕಾಲದ ಕಾಲುವೆಗಳಲ್ಲಿ ರಾಯ, ಬಸವಣ್ಣ, ಕಂಪ್ಲಿ, ಸಿರುಗುಪ್ಪಗಳ ಜೊತೆ ದೇಶನೂರಿನದೂ ಒಂದು. ಈಗ ಅದರ ತಳ ಕಾಣುತ್ತಿದೆ. ನೀರು ನಿಂತರೆ ಬಾಡಿಗೆಯೂ ನಿಂತಂತೆ, ಬಾಡಿಗೆ ನಿಂತರೆ ಗಾಡಿ ಬಿಚ್ಚಲು ಪುರುಸೊತ್ತು. ಜೂನ್‌ನಲ್ಲಿ ಸಸಿ ಮಡಿಗೆ ಗೊಬ್ಬರ ಸಾಗಿಸುವ ಹೊತ್ತಿಗೆ ಎಲ್ಲ ಮತ್ತೆ ಜೋಡಣೆಯಾಗಿ ನಿಂತಿರಬೇಕು.

ಬೇವಿನ ಮರದ ಕೆಳಗೆ ಒಂದು ಬಿಳಿ ಬೊಲೆರೊ ಪಿಕಪ್. ಬಿಳಿ ಅನ್ನುವುದು ಆರ್‌ಸಿ ಪುಸ್ತಕದ ಮಾತು. ಬಾಗಿಲ ಕೆಳಭಾಗವೆಲ್ಲ ಎರೆಮಣ್ಣಿನ ಬಣ್ಣಕ್ಕೆ ತಿರುಗಿದೆ. ಕೆಎ-34, ಬಳ್ಳಾರಿ ಪಾಸಿಂಗ್. ಹದಿನೇಳು ವರ್ಷದ ಹಳೆಯ ಗಾಡಿ, ಎರಡನೇ ಕೈಯದು. ಮುಂದಿನ ಗಾಜಿನ ನೆತ್ತಿಯ ಮೇಲೆ ಕುರುಗೋಡಿನ ದೊಡ್ಡಬಸವೇಶ್ವರನ ಹೆಸರು, ಬಂಪರಿಗೆ ಒಣಗಿದ ನಿಂಬೆಹಣ್ಣು, ಹಿಂದೆ ನೇತಾಡುವ ಒಂಟಿ ಚಪ್ಪಲಿ. ಬಾನೆಟ್ ಎತ್ತಿ ಕೋಲು ಕೊಟ್ಟಿದ್ದಾರೆ. ಮಾಲೀಕರು ಲುಂಗಿ ಮೇಲಕ್ಕೆ ಕಟ್ಟಿ ಇಂಜಿನ್ ಪಕ್ಕ ಬಗ್ಗಿ ನಿಂತಿದ್ದಾರೆ.

ಹತ್ತಿರ ಹೋಗಿ ನೋಡಿ. ಡೀಸೆಲ್ ಫಿಲ್ಟರ್ ಬದಲಾಯಿಸಿದ್ದಾರೆ, ಪೈಪಿನೊಳಗೆ ಗಾಳಿ ಸೇರಿದೆ. ಗಾಳಿ ಹೊರಗೆ ಹೋಗುವವರೆಗೆ ಇಂಜಿನ್ ಏಳುವುದಿಲ್ಲ. ಫಿಲ್ಟರ್ ತಲೆಯ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ, ಪಕ್ಕದ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಪುಸ್, ಪುಸ್. ಮೊದಲು ಬರೀ ನೊರೆ. ಇನ್ನೂ ಹತ್ತು ಸಲ ಒತ್ತಿದರೆ ನೊರೆಯ ನಡುವೆ ಡೀಸೆಲ್ ಗುಳ್ಳೆ ಗುಳ್ಳೆಯಾಗಿ ಉಕ್ಕಿ ಬೆರಳ ಸಂದಿಯಲ್ಲಿ ಇಳಿಯುತ್ತದೆ. ಗುಳ್ಳೆ ನಿಂತು ತೆಳುವಾಗಿ, ಒಂದೇ ಸಮ ಹರಿಯತೊಡಗಿದ ತಕ್ಷಣ ಸ್ಕ್ರೂ ಬಿಗಿ.

“ಹಾಕ್ ಲೇ ಸೆಲ್ಫು.”

ಕ್ಯಾಬಿನ್ನಿನಲ್ಲಿ ಕೂತ ಮಗ ಕೀ ತಿರುಗಿಸುತ್ತಾನೆ. ಎರಡು ಸಲ ಕೆಮ್ಮಿ, ಒಂದು ಉಂಡೆ ಬಿಳಿ ಹೊಗೆ ಉಗುಳಿ, ಗಾಡಿ ಎದ್ದಿತು. ಕಾಲಡಿ ನೆಲ ಸಣ್ಣಗೆ ನಡುಗುತ್ತದೆ. ಮಾಲೀಕರು ಕಿವಿಗೊಟ್ಟು ನಿಲ್ಲುತ್ತಾರೆ, ಒಂದು ಕೈ ಇನ್ನೂ ಫಿಲ್ಟರಿನ ಮೇಲೇ ಇದೆ.

“ನೋಡ್ರಿ, ಒಂದು ಸ್ಪ್ಯಾನರು, ಒಂದು ಬಟ್ಟಿ. ಮುಗೀತು.”

ಈ ಗಾಡಿಗೆ ಡೀಸೆಲ್ ಹಂಚುವ ಕೆಲಸ ಪಂಪಿನದು, ಪೂರ್ತಿ ಯಂತ್ರದ ಕೆಲಸ. ಬ್ಯಾಟರಿ ಸತ್ತರೂ ನಾಲ್ಕು ಜನ ತಳ್ಳಿ ಎರಡನೇ ಗೇರಿಗೆ ಬಿಟ್ಟರೆ ಹೊರಡುತ್ತದೆ. ಪಕ್ಕದ ಮನೆಯ ಮುಂದೆ ನಿಂತಿರುವ ಹೊಸ ಗಾಡಿ ಬೇರೆ ಜಾತಿಯದು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6 ಹೊಗೆ ನಿಯಮ ಬಂತಲ್ಲ, ಅದಾದ ಮೇಲಿನದು. ಹೊಗೆ ಕಡಿಮೆ, ಸದ್ದು ಕಡಿಮೆ, ಎಳೆತ ಹೆಚ್ಚು. ಇದನ್ನೆಲ್ಲ ಮಾಲೀಕರೂ ಒಪ್ಪುತ್ತಾರೆ. ಆದರೆ ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತೆಂದರೆ ಸ್ಕ್ಯಾನರ್ ಇರುವವನ ಹತ್ತಿರ ಹೋಗಬೇಕು. ನಾಟಿಯ ಹೊತ್ತಿನಲ್ಲಿ, ಗದ್ದೆಯ ಬದುವಿನಲ್ಲಿ, ರಾತ್ರಿ ಒಂಬತ್ತಕ್ಕೆ ದೀಪ ಹತ್ತಿದರೆ ಏನು ಮಾಡುವುದು? ಹಳೆಯದನ್ನು ಇಟ್ಟುಕೊಂಡವರನ್ನು ಜಿಪುಣರೆಂದು ನಗುವವರು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಇನ್ನೊಂದು ಕಾರಣವಿದೆ. ಕ್ಯಾಬಿನ್ ಹತ್ತಿ, ಸಿರುಗುಪ್ಪದವರೆಗೆ ಹೋಗುತ್ತ ಕೇಳೋಣ. ಬಾಗಿಲನ್ನು ಸ್ವಲ್ಪ ಎತ್ತಿ ಎಳೆದರೆ ಮಾತ್ರ ಹಾಕಿಕೊಳ್ಳುತ್ತದೆ. ಸೀಟಿನ ಸ್ಪಂಜು ಎಂದೋ ಹೋಗಿ, ತೆಂಗಿನ ನಾರು ತುಂಬಿ ಹೊಲಿಸಿದ್ದಾರೆ. ಸ್ಪೀಡೋಮೀಟರಿನ ಮುಳ್ಳು ಸೊನ್ನೆಯಲ್ಲೇ ಮಲಗಿದೆ. ಗೇರ್ ಹಿಡಿಯ ಮೇಲೆ ಮಗಳು ಹಾಕಿಕೊಟ್ಟ ಉಲ್ಲನ್ ಟೋಪಿ.

“2024ರಾಗ ಗೇಟು ಹೋತಲ್ರಿ,” ಅನ್ನುತ್ತಾರೆ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಅಣೆಕಟ್ಟೆಯಿಂದ ನೀರು ನದಿಗೆ ನುಗ್ಗಿತು. ಒಂದು ವಾರದ ಮೇಲೆ ಸ್ಟಾಪ್‌ಲಾಗ್ ಇಳಿಸಿ ಅದನ್ನು ತಡೆಯುವವರೆಗೆ ಈ ಭಾಗದ ಯಾವ ರೈತನಿಗೂ ಎರಡನೇ ಬೆಳೆಯ ಭರವಸೆ ಇರಲಿಲ್ಲ. ಬೆಳೆ ಇಲ್ಲವೆಂದರೆ ಗೊಬ್ಬರ ಇಲ್ಲ, ಭತ್ತ ಇಲ್ಲ, ಹುಲ್ಲು ಇಲ್ಲ, ಬಾಡಿಗೆ ಇಲ್ಲ. “ಹೊಸಾ ಗಾಡಿ ತಗಂಡಾರು ಕಂತು ಕಟ್ಟೋದು ಹೆಂಗ ಅಂತ ತಲಿ ಮ್ಯಾಲ ಕೈ ಹೊತ್ತು ಕುಂತಿದ್ರು. ನಂದು ಕಂತಿಲ್ಲದ ಗಾಡಿ. ನಾ ಆರಾಮ ಮಲಗಿದ್ದೆ.” ಆರಾಮವಾಗಿ ಮಲಗಿದ್ದರೆಂದು ನನಗೇನೂ ನಂಬಿಕೆಯಿಲ್ಲ. ಲೆಕ್ಕ ಮಾತ್ರ ಸರಿ. ನೀರಿನ ಮೇಲೆ ನಿಂತ ದುಡಿಮೆಗೆ ತಿಂಗಳ ಕಂತು ಹೊಂದುವುದಿಲ್ಲ.

ಹೆದ್ದಾರಿ ಸಿಕ್ಕಿತು. ಜೇವರ್ಗಿಯಿಂದ ಸಿಂಧನೂರು, ಸಿರುಗುಪ್ಪ, ತೆಕ್ಕಲಕೋಟೆ, ಬಳ್ಳಾರಿ ಹಿಡಿದು ಚಾಮರಾಜನಗರದವರೆಗೆ ಹೋಗುವ 150ಎ. ನುಣುಪಾದ ರಸ್ತೆ ಸಿಕ್ಕ ಮೇಲೆ ಗಾಡಿಯ ರೋಗ ತಿಳಿಯುತ್ತದೆ. ಸ್ಟೇರಿಂಗನ್ನು ಒಂದು ಬದಿಗೆ ಹಿಡಿದೇ ಇರಬೇಕು, ಬಿಟ್ಟರೆ ಎಡಕ್ಕೆ ಎಳೆಯುತ್ತದೆ.

ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ರಿಪೇರಿ ಮಾಡುವ ಮೇಸ್ತ್ರಿಯ ತಗಡಿನ ಶೆಡ್ಡು ರಸ್ತೆಯ ಪಕ್ಕದಲ್ಲೇ. ಗಾಡಿ ಒಳಗೆ ತಿರುಗುತ್ತಿದ್ದ ಹಾಗೆ ಅವರು ಕೂತಲ್ಲಿಂದಲೇ ಹೇಳಿದರು:

“ಗೌಡ್ರ, ಗಾಡಿ ಅಡ್ಡ ನಡೀತೈತಿ. ಸೆಂಟರ್ ಬೋಲ್ಟ್ ಹೋಗೇತಿ.”

“ಹೋಗಿರಬೇಕು ಭಾಯ್. ನಲವತ್ತು ಚೀಲ ಹೇರಿದ್ವಿ.”

“ನಲವತ್ತಾ?”

“ಐವತ್ತು ಅನ್ಕೊ.”

ಇಲ್ಲಿ ಭತ್ತದ ಚೀಲವೆಂದರೆ 75 ಕಿಲೋ. 1.3 ಟನ್ ಹೊರುವ ಗಾಡಿಗೆ ಕಾಗದದ ಪ್ರಕಾರ ಹದಿನೇಳು ಚೀಲ. ನಲವತ್ತು ಎಂದರೆ ಮೂರು ಟನ್, ಐವತ್ತು ಎಂದರೆ ಮುಕ್ಕಾಲು ಟನ್ ಇನ್ನೂ ಮೇಲೆ. ಮೇಸ್ತ್ರಿ ನಗಲಿಲ್ಲ, ಬೈಯಲೂ ಇಲ್ಲ. ಹುಡುಗನಿಗೆ ಜಾಕ್ ಕಡೆ ಕೈ ತೋರಿಸಿದರು.

ಈಗ ಕುಕ್ಕರುಗಾಲಲ್ಲಿ ಕೂತು ಚಾಸಿಯ ಕೆಳಗೆ ನೋಡಿ. ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು: ಮೇಲಿನದು ಉದ್ದದ ಮೇನ್ ಪಾಟಾ, ಕೆಳಗೆ ಹೋದಂತೆ ಗಿಡ್ಡ. ಎಲ್ಲದರ ನಡುವೆ ತೂರಿ ಹಿಡಿದಿರುವ ಒಂದೇ ಒಂದು ಸೆಂಟರ್ ಬೋಲ್ಟ್. ಅದರ ತಲೆ ಆಕ್ಸಲ್ ಹೌಸಿಂಗಿನ ಗುಣಿಯಲ್ಲಿ ಕೂತು ಇಡೀ ಹಿಂದಿನ ಆಕ್ಸಲನ್ನು ಜಾಗದಲ್ಲಿಡುತ್ತದೆ. ಪಟ್ಟಿಗಳನ್ನು ಆಕ್ಸಲಿಗೆ ಬಿಗಿದಿಡುವ ಯು-ಬೋಲ್ಟ್ ಸಡಿಲಾದರೆ ಭಾರವೆಲ್ಲ ಈ ಬೋಲ್ಟಿಗೆ ಬಿದ್ದು ಕತ್ತರಿಸುತ್ತದೆ. ಆಮೇಲೆ ಒಂದು ಬದಿಯ ಚಕ್ರ ಹಿಂದಕ್ಕೆ ಸರಿದು ಗಾಡಿ ಓರೆಯಾಗಿ ಓಡುತ್ತದೆ, ಟಯರು ಗರಗಸ ಹಾಕಿದ ಹಾಗೆ ಸವೆಯುತ್ತದೆ.

ಯು-ಬೋಲ್ಟಿನ ನಟ್ಟು ತುಕ್ಕು ಹಿಡಿದು ಒಂದಾಗಿಬಿಟ್ಟಿದೆ. ಹುಡುಗ ಸ್ಪ್ಯಾನರಿನ ಹಿಡಿಗೆ ಮೂರಡಿ ಪೈಪು ತೊಡಿಸಿ ಅದರ ಮೇಲೆ ನಿಂತು ಜಿಗಿಯುತ್ತಾನೆ. ಕಟ್ ಎಂದು ಬಿಟ್ಟಿತು. ಪಾಟಾ ಸೆಟ್ ಹೊರಗೆ ಬಂದು, ಕ್ಲಿಪ್ ಬಿಚ್ಚಿದ ಕೂಡಲೇ ಪಟ್ಟಿಗಳು ಒಂದೊಂದು ಒಂದೊಂದು ಕಡೆ ಎದ್ದುಕೊಂಡವು. ನಡುವೆ ಕೆಂಪು ತುಕ್ಕಿನ ಪುಡಿ, ಗಟ್ಟಿಯಾದ ಎರೆಮಣ್ಣು. ಮೇಸ್ತ್ರಿ ಮೇನ್ ಪಾಟಾ ಎತ್ತಿ ಸುತ್ತಿಗೆಯಿಂದ ಒಮ್ಮೆ ತಟ್ಟುತ್ತಾರೆ. ಗಂಟೆಯ ಹಾಗೆ ಸದ್ದು ಉಳಿಯಿತು, ಸೀಳಿಲ್ಲ. ಎರಡನೆಯದೂ ಸರಿ. ಮೂರನೆಯದು ಠಪ್ ಅಂದಿತು. ಎಣ್ಣೆ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದರೆ, ನಡುವಿನ ತೂತಿನಿಂದ ಅಂಚಿನವರೆಗೆ ಕೂದಲೆಳೆಯ ಗೆರೆ.

ಚಪ್ಪಟೆಯಾದ ಪಟ್ಟಿಗಳನ್ನು ಮತ್ತೆ ಬಾಗಿಸಬೇಕು. “ಕಾಸಿ ಬಡೀರಿ, ಲಗೂ ಆಗ್ತೈತಿ,” ಎಂದರು ಗೌಡರು.

“ಕಾಸಿದ್ರ ಕಸುವು ಹೋಗ್ತೈತ್ರಿ. ಎಣ್ಣಿಯಾಗ ಅದ್ದಿ, ಮತ್ತ ಹದಾ ಮಾಡೋ ಭಟ್ಟಿ ನನ್ನ ತಾಕ ಇಲ್ಲ. ಬರೇ ಕಾಸಿ ಬಿಟ್ರ ಒಂದು ಸುಗ್ಗಿಯಾಗ ಮತ್ತ ಚಪ್ಪಟಿ.”

ಅಡಿಗಲ್ಲಿನ ಮೇಲೆ ಪಟ್ಟಿಯನ್ನು ತಣ್ಣಗಿರುವಂತೆಯೇ ಇಟ್ಟು, ಬೆರಳಗಲಕ್ಕೊಂದು ಏಟು ಹಾಕುತ್ತ ಹೋಗುತ್ತಾರೆ. ಒಂದೂ ಜೋರಿನ ಏಟಲ್ಲ, ಎಲ್ಲ ಒಂದೇ ಅಳತೆ. ಕಿವಿ ಜುಮ್ಮೆನ್ನುತ್ತದೆ. ನಡುನಡುವೆ ನಿಲ್ಲಿಸಿ ಎರಡು ತುದಿಗೆ ದಾರ ಹಿಡಿದು ನಡುವಿನ ಎತ್ತರ ನೋಡುತ್ತಾರೆ. ಸಾಲದು, ಮತ್ತೆ ಏಟು. ಒಂದು ಪಟ್ಟಿಗೆ ಕಾಲು ತಾಸು ಹಿಡಿಯಿತು. ಎಲ್ಲ ಮುಗಿಯುವಷ್ಟರಲ್ಲಿ ಚಹಾ ಎರಡು ಸಲ ಬಂದು ಹೋಯಿತು.

ಗೌಡರ ಮನಸ್ಸಿನಲ್ಲಿರುವುದು ಮಾತ್ರ ಬೇರೆ. “ಇನ್ನೊಂದೆರಡು ಪಾಟಾ ಜಾಸ್ತಿ ಹಾಕ್ ಭಾಯ್.”

ಈ ಬೇಡಿಕೆ ಇಲ್ಲಿ ದಿನವೂ ಬರುತ್ತದೆ. ಪಟ್ಟಿ ಹೆಚ್ಚಾದರೆ ಗಾಡಿ ಕುಸಿಯುವುದಿಲ್ಲ, ನಿಜ. ಆದರೆ ಸ್ಪ್ರಿಂಗ್ ತಿನ್ನಬೇಕಾದ ಏಟನ್ನು ಚಾಸಿ ತಿನ್ನುತ್ತದೆ. ಹಿಂದಿನ ಹ್ಯಾಂಗರ್ ಬಳಿ ಬಿರುಕು ಬಿಟ್ಟು ವೆಲ್ಡಿಂಗ್ ಹಾಕಿಸಿಕೊಂಡ ಎಷ್ಟೋ ಗಾಡಿಗಳು ಇದೇ ಶೆಡ್ಡಿಗೆ ಬಂದಿವೆ. ಜನ ಗಮನಿಸದ ಇನ್ನೊಂದಿದೆ, ಅದನ್ನು ಮೇಸ್ತ್ರಿ ಪಕ್ಕದಲ್ಲಿ ನಿಂತ ಗಾಡಿಯಲ್ಲಿ ತೋರಿಸಿದರು. ಹೌಸಿಂಗಿನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ, ಅದರ ತುದಿಗೊಂದು ವಾಲ್ವು. ಲೋಡು ಬಿದ್ದು ಗಾಡಿ ತಗ್ಗಿದರೆ ಕಡ್ಡಿ ಸರಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಎತ್ತರದಲ್ಲಿದ್ದರೆ ಖಾಲಿ ಎಂದು ತಿಳಿದು ಕಡಿಮೆ ಬಿಡುತ್ತದೆ. ಪಾಟಾ ಹೆಚ್ಚಿಸಿದ ಗಾಡಿ ಮೂರು ಟನ್ ಹೊತ್ತರೂ ತಗ್ಗುವುದಿಲ್ಲ. ವಾಲ್ವಿನ ಲೆಕ್ಕದಲ್ಲಿ ಅದು ಖಾಲಿಯೇ. ಭಾರ ಹೆಚ್ಚಾದ ದಿನವೇ ಹಿಂದಿನ ಬ್ರೇಕು ಕೈಕೊಡುತ್ತದೆ.

ಗೌಡರು ಬಗ್ಗಿ ಕಡ್ಡಿಯನ್ನು ಬೆರಳಿನಿಂದ ಅಲುಗಿಸಿ ನೋಡಿದರು. “ಹಂಗಾರ ಒಂದು ಹಾಕು,” ಅಂದರು.

ಒಂದಕ್ಕೆ ಮೇಸ್ತ್ರಿ ಒಪ್ಪಿದರು, ಅದೂ ಸೀಳಿದ ಮೂರನೆಯದರ ಬದಲಿಗೆ. ಲೆಕ್ಕ ಹಾಕಿದರೆ ಹೆಚ್ಚಾದದ್ದು ಸೊನ್ನೆ. ಗೌಡರಿಗೆ ತಿಳಿಯಲಿಲ್ಲವೆಂದಲ್ಲ, ಕೇಳಿದ್ದಕ್ಕೆ ಏನೋ ಸಿಕ್ಕಿತೆಂಬ ಸಮಾಧಾನ ಇಬ್ಬರಿಗೂ ಬೇಕಿತ್ತು.

ಭತ್ತ ಕೇಳುವುದು ಪಾಟಾ, ಮೆಣಸಿನಕಾಯಿ ಕೇಳುವುದು ಎತ್ತರ. ಫೆಬ್ರವರಿ, ಮಾರ್ಚ್‌ನಲ್ಲಿ ಈ ಸೀಮೆಯ ಗಾಡಿಗಳು ಬ್ಯಾಡಗಿ ಮಾರುಕಟ್ಟೆಗೆ ಓಡುತ್ತವೆ. ಒಣಮೆಣಸಿನಕಾಯಿ ಹಗುರ, ಜಾಗ ಮಾತ್ರ ಬಹಳ ತಿನ್ನುತ್ತದೆ. ಅದಕ್ಕೇ ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಸರಕು ತುಂಬುವ ಡಾಲಾದ ಮೇಲೆ ಆಂಗಲ್ ನಿಲ್ಲಿಸಿ ಜಾಲರಿ ಏರಿಸುತ್ತಾರೆ, ಕ್ಯಾಬಿನ್ ಮೇಲೆ ಕ್ಯಾರಿಯರ್ ಕಟ್ಟುತ್ತಾರೆ, ಅಡಿಗೆ ಚೆಕರ್ ಶೀಟ್ ಹಾಸುತ್ತಾರೆ. ಹತ್ತಿ ಹೇರುವವರದೂ ಇದೇ ಬೇಡಿಕೆ. ಹೀಗೆ ಒಂದೇ ಗಾಡಿ ಎರಡು ಬೆಳೆಯ ಮಾತು ಕೇಳಲು ಹೋಗಿ, ಮೇಲೆ ಎತ್ತರವೂ ಕೆಳಗೆ ಬಿಗಿಯೂ ಆಗಿ, ತಿರುವಿನಲ್ಲಿ ಓಲಾಡುತ್ತದೆ.

ಕಾನೂನು ಇದಕ್ಕೆಲ್ಲ ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡಬಾರದು ಎನ್ನುತ್ತದೆ. 2019ರ ತಿದ್ದುಪಡಿಯಾದ ಮೇಲೆ ಅಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ. ಮಿತಿ ಮೀರಿ ಹೇರಿದರೆ 20,000, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಪ್ರಮಾಣಪತ್ರ. ಅದಕ್ಕೇ ವೆಲ್ಡಿಂಗ್ ಅಂಗಡಿಯವರು ಜಾಲರಿಯನ್ನು ಬೆಸೆಯುವುದಿಲ್ಲ, ನಟ್ಟು ಬೋಲ್ಟಿನಲ್ಲಿ ಕೂರಿಸುತ್ತಾರೆ. ಎಫ್‌ಸಿಯ ಹಿಂದಿನ ದಿನ ಬಿಚ್ಚಿ ಮನೆಯ ಗೋಡೆಗೆ ಒರಗಿಸುವುದು, ಹೆಡ್‌ಲೈಟು ಹೊಂದಿಸಿ, ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಒಂದು ಕೋಟು ಬಣ್ಣ ಬಳಿದು ಬಳ್ಳಾರಿಗೆ ಹೊರಡುವುದು. ತಪಾಸಣೆಯ ಕಣ್ಣಿಗೆ ಬೀಳುವ ಗಾಡಿ ಒಂದು, ಸುಗ್ಗಿಯಲ್ಲಿ ಓಡುವ ಗಾಡಿ ಇನ್ನೊಂದು. ಇದು ಸರಿಯಲ್ಲವೆಂದು ಹೇಳಲೇಬೇಕು. ನಾಟಿಯ ದಿನಗಳಲ್ಲಿ ಇದೇ ಡಾಲಾದಲ್ಲಿ ಕೂಲಿ ಹೆಂಗಸರು ನಿಂತುಕೊಂಡು ಹೋಗುತ್ತಾರೆ. ಓಲಾಡುವ ಗಾಡಿಯ ಬೆಲೆ ತೆರುವವರು ಅವರು.

ಮಧ್ಯಾಹ್ನ ಮೂರು ದಾಟಿತು. ತಗಡಿನ ಕೆಳಗೆ ಉಸಿರಾಡುವುದು ಕಷ್ಟ. ಪಟ್ಟಿಗಳ ನಡುವೆ ಗ್ರಾಫೈಟ್ ಗ್ರೀಸ್ ಬಳಿದು, ಹೊಸ ಸೆಂಟರ್ ಬೋಲ್ಟ್ ತೂರಿಸಿ, ಹುಡುಗ ಜೋಡಿಸುತ್ತಿದ್ದಾನೆ. ಯು-ಬೋಲ್ಟ್ ನಾಲ್ಕೂ ಹೊಸತು. ಹಳೆಯದನ್ನೇ ಹಾಕು ಎಂದ ಗೌಡರಿಗೆ ಮೇಸ್ತ್ರಿ ಸವೆದ ಥ್ರೆಡ್ಡಿನ ಮೇಲೆ ಅವರ ಬೆರಳನ್ನೇ ಹಿಡಿದು ಆಡಿಸಿದ್ದಾರೆ. ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದರು. ಒಂದೇ ಬದಿ ಬಿಗಿದರೆ ಪಟ್ಟಿ ಓರೆಯಾಗಿ ಕೂರುತ್ತದೆ. ಕೊನೆಗೆ ಗನ್ನಿನಿಂದ ಶೆಕಲ್ ಪಿನ್ನಿಗೆ ಗ್ರೀಸ್. ಹಳೆಯ ಕಪ್ಪು ಗ್ರೀಸು ಅಂಚಿನಿಂದ ಹೊರಬಂದು, ಅದರ ಹಿಂದೆ ಹೊಸದು ಹಳದಿಯಾಗಿ ಇಣುಕಿದಾಗ ಸಾಕು.

ಹೆದ್ದಾರಿಗೆ ತೆಗೆದು ಒಂದು ಸುತ್ತು. ಗೌಡರು ಸ್ಟೇರಿಂಗ್‌ನಿಂದ ಎರಡೂ ಕೈ ಎತ್ತಿ ನಿಮ್ಮ ಕಡೆ ನೋಡುತ್ತಾರೆ. ಗಾಡಿ ನೆಟ್ಟಗೆ ಹೋಗುತ್ತಿದೆ. ಎದುರಿಗೆ ಲಾರಿ ಬರುತ್ತಿದೆ, ಕೈ ಹಾಕ್ರಿ ಗೌಡ್ರ!

ಶೆಡ್ಡಿಗೆ ಮರಳಿ ಹಣ ಎಣಿಸುವಾಗ ಐನೂರು ಹಿಡಿದರು. “ನೂರು ಕಿಲೋಮೀಟರ್ ಓಡಿದ ಮ್ಯಾಲ ಯು-ಬೋಲ್ಟ್ ಬಿಗಿ ಮಾಡಿಸಾಕ ಬರ್ತೀನಲ್ಲ, ಆವಾಗ ಕೊಡ್ತೀನಿ.”

“ಬಾಕಿ ಇದ್ರ ನೀವು ಈ ರಸ್ತಿಗೇ ಬರಂಗಿಲ್ಲ. ಹ್ವಾದ ವರ್ಷ ಹಿಂಗ ಆಗಿದ್ದು. ಒಂದು ಕೆಲಸ ಮಾಡ್ರಿ, ಐನೂರು ಹೆಚ್ಚಿಗಿ ಕೊಟ್ಟು ಹೋಗ್ರಿ. ಬಿಗಿ ಮಾಡಿಸಾಕ ಬಂದಾಗ ವಾಪಸ್ ಕೊಡ್ತೀನಿ.”

ಗೌಡರು ಹುಡುಗನ ಕಡೆ ನೋಡಿದರು, ನಿಮ್ಮ ಕಡೆ ನೋಡಿದರು, ಮತ್ತೆ ಅಂಗಿಯ ಕಿಸೆಗೆ ಕೈ ಹಾಕಿದರು.